ಥಂಡರ್ ಕಪ್ ಗೆದ್ದಿತು, ಸರಿ. ಹ್ಯಾಲಿಬರ್ಟನ್ ಬೀಳದಿದ್ದರೆ?

ಬಸವನಗುಡಿ ಬೌನ್ಸ್:
ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ಏಳನೇ ಆಟ ಇವತ್ತು (2025ರ ಜೂನ್ 23) ಬೆಳಗ್ಗೆ ಮುಗಿಯಿತು. ಒಕ್ಲಹೋಮಾ ಸಿಟಿ ಥಂಡರ್ 103, ಇಂಡಿಯಾನಾ ಪೇಸರ್ಸ್ 91. ಸರಣಿ 4-3. ದಾಖಲೆಯಲ್ಲಿ ಉಳಿಯುವುದು ಇಷ್ಟೇ. ಆದರೆ ನನಗೆ ಈ ಗೆಲುವು ಪೂರ್ತಿ ಒಪ್ಪಿಗೆ ಆಗುತ್ತಿಲ್ಲ. ಮೊದಲ ಕ್ವಾರ್ಟರ್‌ನಲ್ಲಿ ಇನ್ನೂ ಸುಮಾರು ಐದು ನಿಮಿಷ ಬಾಕಿ, ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಆಗಲೇ ಮೂರು ಥ್ರೀ ಹಾಕಿ 9 ಪಾಯಿಂಟ್ ಮಾಡಿದ್ದ, ಚೆಂಡು ಹಿಡಿದು ಮುಂದಕ್ಕೆ ನುಗ್ಗಲು ಕಾಲು ಊರಿದ, ಅಷ್ಟೇ, ಕುಸಿದ. ಬಿದ್ದವನು ನೆಲಕ್ಕೆ ಕೈ ಬಡಿಯುತ್ತಿದ್ದ. ಅಕಿಲಿಸ್ (ಹಿಮ್ಮಡಿಯ ಮೇಲಿನ ಸ್ನಾಯುರಜ್ಜು) ಎಂದು ಅವನ ಅಪ್ಪನೇ ಟಿವಿಯವರಿಗೆ ಹೇಳಿದರು.

ನನ್ನ ಪ್ರಶ್ನೆ ಇದು. 82 ಲೀಗ್ ಆಟ, ಆಮೇಲೆ ನಾಲ್ಕು ಸುತ್ತು ಪ್ಲೇಆಫ್, ಒಂದೊಂದು ಸುತ್ತಿನಲ್ಲೂ ಏಳರಲ್ಲಿ ನಾಲ್ಕು ಗೆಲ್ಲಬೇಕು. ಈ ಎರಡು ತಂಡಗಳೂ ಪ್ಲೇಆಫ್‌ನಲ್ಲೇ 23-23 ಆಟ ಆಡಿವೆ. ಇಷ್ಟು ಎಳೆಯುವುದು ಒಳ್ಳೆಯ ತಂಡ ಯಾವುದು ಅಂತ ತಿಳಿಯೋಕಾ, ಇಲ್ಲ ಕೊನೆಗೆ ಯಾರ ಕಾಲು ಉಳಿದಿದೆ ಅಂತ ನೋಡೋಕಾ?

ಓಕ್ಲಂಡ್ ಅಲ್ಲ ಓಕಳಿಪುರಂ:
ಗುರು, ಶುರುವಾಯಿತಾ? ಪ್ರತಿ ಜೂನ್‌ನಲ್ಲೂ ಯಾರಾದರೂ ಒಬ್ಬರು ಗೆದ್ದವರ ಹೆಸರಿನ ಪಕ್ಕ ಇದು ಪೂರ್ತಿ ಗೆಲುವಲ್ಲ ಅಂತ ನಕ್ಷತ್ರ ಚಿಹ್ನೆ ಹಾಕೋಕೆ ಪೆನ್ನು ಹಿಡಿದು ಬರುತ್ತಾರೆ. 2015ರಲ್ಲಿ ಎದುರಾಳಿ ಕ್ಲೀವ್‌ಲ್ಯಾಂಡ್‌ನ ಕೆವಿನ್ ಲವ್ ಭುಜ ಮೊದಲ ಸುತ್ತಲ್ಲೇ ಹೋಗಿತ್ತು, ಕೈರಿ ಅರ್ವಿಂಗ್ ಮಂಡಿ ಚಿಪ್ಪು ಫೈನಲ್ಸ್ ಮೊದಲ ಆಟದಲ್ಲೇ ಒಡೆಯಿತು, ಹಾಗಾಗಿ ನಮ್ಮ ವಾರಿಯರ್ಸ್ ಕಪ್ಪಿಗೆ ಚಿಹ್ನೆ. 2019ರಲ್ಲಿ ನಮ್ಮ ಡ್ಯುರಂಟ್, ಕ್ಲೇ ಇಬ್ಬರೂ ಬಿದ್ದರು, ಟೊರಾಂಟೊ ಕಪ್ಪಿಗೂ ಚಿಹ್ನೆ. 2020ರದು ಕೋವಿಡ್ ಕಾಲದ ಬಬಲ್, ಪ್ರೇಕ್ಷಕರೇ ಇಲ್ಲ, ಅದಕ್ಕೂ ಚಿಹ್ನೆ. ಹೀಗೇ ಹೋದರೆ ಸ್ವಚ್ಛವಾದ ಕಪ್ ಒಂದೂ ಉಳಿಯಲ್ಲ.

ಇನ್ನೊಂದು ಮಾತು. ಹ್ಯಾಲಿಬರ್ಟನ್ ಇಲ್ಲದೆಯೂ ಅರ್ಧ ಆಟಕ್ಕೆ ಪೇಸರ್ಸ್ 48-47 ಮುಂದಿದ್ದರು. ಮೂರನೇ ಕ್ವಾರ್ಟರ್ 34-20 ಆಯಿತಲ್ಲ, ಅಲ್ಲಿ ಸೋತರು. ಥಂಡರ್ ಡಿಫೆನ್ಸ್ ಚೆಂಡು ಕಿತ್ತುಕೊಂಡಿತು. ಆ ತಂಡ ಇಡೀ ವರ್ಷ ಎದುರಾಳಿಗಳಿಗೆಲ್ಲ ಮಾಡಿದ್ದೇ ಅದು.

ಬಸವನಗುಡಿ ಬೌನ್ಸ್:
ಚೆಂಡು ಕಿತ್ತುಕೊಂಡಿತು, ನಿಜ. ಯಾರ ಕೈಯಿಂದ? ಚೆಂಡನ್ನು ಜೋಪಾನವಾಗಿ ಮುಂದೆ ತರುವ ಕೆಲಸವೇ ಯಾರದೋ ಅವನು ಒಳಗೆ ಡ್ರೆಸಿಂಗ್ ರೂಮಲ್ಲಿದ್ದ ಅಲ್ವಾ.

ಪಿಕ್ ಅಂಡ್ ರೋಲ್ ಪುಟ್ಟಣ್ಣ:
ಇಬ್ಬರೂ ಸ್ವಲ್ಪ ತಡೆಯಿರಿ. ಬೀಳದಿದ್ದರೆ ಅನ್ನುವ ಲೆಕ್ಕ ಹಾಕುವುದಾದರೆ ಎರಡೂ ಕಡೆ ಹಾಕಬೇಕು. ಪೇಸರ್ಸ್ ದಾರಿ ನೋಡಿ. ಮೊದಲ ಸುತ್ತಿನಲ್ಲಿ ಮಿಲ್ವಾಕಿಯ ಲಿಲ್ಲಾರ್ಡ್ ಅಕಿಲಿಸ್ ಹರಿಯಿತು. ಎರಡನೇ ಸುತ್ತಿನಲ್ಲಿ 64 ಆಟ ಗೆದ್ದ ಕ್ಲೀವ್‌ಲ್ಯಾಂಡ್, ಎರಡನೇ ಆಟಕ್ಕೆ ಗಾರ್ಲಂಡ್, ಮೋಬ್ಲಿ, ಹಂಟರ್ ಮೂವರೂ ಇಲ್ಲ. ಮೂರನೇ ಸುತ್ತಿಗೆ ಬಾಸ್ಟನ್ ಬರಬಹುದಿತ್ತು, ನ್ಯೂಯಾರ್ಕಿನಲ್ಲಿ ಅವರ ಟೇಟಮ್ ಅಕಿಲಿಸ್ ಹೋಯಿತು, ನ್ಯೂಯಾರ್ಕ್ ನಿಕ್ಸ್ ಬಂದರು. ಥಂಡರ್ ಕಡೆಯೂ ಅಷ್ಟೇ. ಮೆಂಫಿಸ್ ಮೂರನೇ ಆಟದಲ್ಲಿ 29 ಪಾಯಿಂಟ್ ಮುಂದಿತ್ತು, ಜಾ ಮೊರಾಂಟ್ ಬಿದ್ದ, ಥಂಡರ್ ಎದ್ದು ಗೆದ್ದಿತು. ಡೆನ್ವರ್ ವಿರುದ್ಧದ ಏಳನೇ ಆಟಕ್ಕೆ ಅವರ ಏರನ್ ಗಾರ್ಡನ್ ತೊಡೆಯ ಸ್ನಾಯು ಎಳೆಸಿಕೊಂಡೇ ಆಡಿದ.

ಲಿಲ್ಲಾರ್ಡ್, ಟೇಟಮ್, ಹ್ಯಾಲಿಬರ್ಟನ್. ಮೂವರದೂ ಜೆರ್ಸಿ ನಂಬರ್ 0. ಜ್ಯೋತಿಷ್ಯ ಹೇಳುವವರಿಗೆ ಒಳ್ಳೆ ಕಾಲ.

ಹೊಸಬ_ಹಾಸನ:
ನಾನು ಕ್ರಿಕೆಟ್ ಕಡೆಯವನು. ಆರ್‌ಸಿಬಿ ಕಪ್ ಎತ್ತಿದ ಖುಷಿ ಇನ್ನೂ ಇಳಿದಿಲ್ಲ. ತಿಳಿಯದೆ ಕೇಳುತ್ತಿದ್ದೇನೆ, ಬೈಯಬೇಡಿ. ಐಪಿಎಲ್‌ನಲ್ಲಿ ಫೈನಲ್ ಒಂದೇ ಆಟ. ಇಲ್ಲಿ ಒಂದೊಂದು ಸುತ್ತಿಗೂ ಏಳು ಆಟ ಯಾಕೆ? ಆರಂಭದಿಂದಲೂ ಹೀಗೇನಾ? ಲೀಗಲ್ಲಿ ಮೇಲೆ ಬಂದವರೇ ಗೆಲ್ಲುವುದಾದರೆ ಎರಡು ತಿಂಗಳು ಕೂತು ನೋಡೋದರಲ್ಲಿ ಮಜಾ ಏನಿದೆ?

ಬೆಲ್‌ವ್ಯೂ ಕನ್ನಡತಿ:
ಬೈಯುವುದೇನಿಲ್ಲ ರೀ, ಸರಿಯಾದ ಪ್ರಶ್ನೆ. ಚಿಕ್ಕದಾಗಿ ಹೇಳುತ್ತೇನೆ. ಪೂರ್ವ, ಪಶ್ಚಿಮ ಅಂತ ಎರಡು ಕಾನ್ಫರೆನ್ಸ್. ಒಂದೊಂದರಲ್ಲೂ ಮೊದಲ ಆರು ತಂಡ ನೇರವಾಗಿ ಒಳಗೆ. ಏಳರಿಂದ ಹತ್ತನೇ ಸ್ಥಾನದವರು ಪ್ಲೇ-ಇನ್ ಆಡಿ ಉಳಿದ ಎರಡು ಜಾಗ ಹಿಡಿಯಬೇಕು. ಹಾಗೆ 16 ತಂಡ. ಏಳು ಆಟದಲ್ಲಿ ಮೊದಲ ಎರಡು ಮೇಲಿನ ಸ್ಥಾನದವರ ಊರಲ್ಲಿ, ಮುಂದಿನ ಎರಡು ಕೆಳಗಿನವರ ಊರಲ್ಲಿ, ಆಮೇಲೆ ಅಲ್ಲೊಂದು ಇಲ್ಲೊಂದು. ಏಳನೆಯದು ಬಂದರೆ ಅದು ಮೇಲಿನವರ ಊರಲ್ಲೇ. ಇವತ್ತಿನದು ಒಕ್ಲಹೋಮಾದಲ್ಲಿ ನಡೆದದ್ದು ಅದಕ್ಕೇ, ಅವರು 68 ಗೆದ್ದಿದ್ದರು, ಪೇಸರ್ಸ್ 50.

ಮೊದಲ ಸುತ್ತು 2002ರ ತನಕ ಐದೇ ಆಟ ಇತ್ತು, 2003ರಿಂದ ಏಳು ಮಾಡಿದರು. ಟಿವಿ ದುಡ್ಡು ಜಾಸ್ತಿ ಬರುತ್ತದೆ ಅನ್ನುವುದು ಒಂದು ಕಡೆ. ಇನ್ನೊಂದು ಕಡೆ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಆಟಕ್ಕೆ ಒಂದೊಂದು ತಂಡಕ್ಕೂ ಸುಮಾರು ನೂರು ಸಲ ಚೆಂಡು ಸಿಗುತ್ತದೆ. ಅದನ್ನು ಏಳರಿಂದ ಗುಣಿಸಿ. ಅದೃಷ್ಟಕ್ಕೆ ಅಡಗಿ ಕೂರಲು ಜಾಗವೇ ಇರುವುದಿಲ್ಲ. ಎಂಟನೇ ಸ್ಥಾನದವರು ಒಂದನೇ ಸ್ಥಾನದವರನ್ನು ಮೊದಲ ಸುತ್ತಲ್ಲಿ ಸೋಲಿಸಿದ್ದು ಇಷ್ಟು ವರ್ಷದಲ್ಲಿ ಆರೇ ಸಲ.

ಮಾಟುಂಗಾ ಮೂರ್ತಿ:
ಆ ಆರರಲ್ಲಿ 2023ರ ಮಯಾಮಿಯನ್ನು ಮಾತ್ರ ಹೊಸಬರು ಹುಡುಕಿ ನೋಡಲೇಬೇಕು. ಪ್ಲೇ-ಇನ್ ಮೊದಲ ಆಟವನ್ನೇ ಸ್ವಂತ ಊರಲ್ಲಿ ಅಟ್ಲಾಂಟಾಗೆ ಸೋತರು. ಶಿಕಾಗೋ ವಿರುದ್ಧ ಹೇಗೋ ಉಳಿದುಕೊಂಡರು. ಆಮೇಲೆ ಒಂದನೇ ಸ್ಥಾನದ ಮಿಲ್ವಾಕಿಯನ್ನು 4-1ಕ್ಕೆ ಮನೆಗೆ ಕಳಿಸಿದರು, ಅದರಲ್ಲಿ ಜಿಮ್ಮಿ ಬಟ್ಲರ್ ಒಂದೇ ಆಟದಲ್ಲಿ 56. ಬಾಸ್ಟನ್ ಮೇಲೆ 3-0 ಮುಂದಿದ್ದು 3-3 ಮಾಡಿಸಿಕೊಂಡರು. ಆರನೇ ಆಟದಲ್ಲಿ ಡೆರಿಕ್ ವೈಟ್ 0.1 ಸೆಕೆಂಡ್ ಉಳಿದಿರುವಾಗ ಚೆಂಡನ್ನು ಒಳಗೆ ತಳ್ಳಿದಾಗ ಎಲ್ಲರೂ ಮಯಾಮಿ ಕಥೆ ಮುಗಿಯಿತು ಅಂದುಕೊಂಡರು. ಏಳನೆಯದನ್ನು ಬಾಸ್ಟನ್‌ಗೇ ಹೋಗಿ 103-84ಕ್ಕೆ ಗೆದ್ದರು. ಅಲ್ಲೂ ಟೇಟಮ್ ಮೊದಲ ಚೆಂಡಿಗೇ ಪಾದ ಹೊರಳಿಸಿಕೊಂಡಿದ್ದ, ಆದರೂ ಆ ಗೆಲುವಿಗೆ ಯಾರೂ ಚಿಹ್ನೆ ಹಾಕಲಿಲ್ಲ! 3-0 ಹಿಂದಿದ್ದವರು ಸರಣಿ ಗೆದ್ದದ್ದು ಎನ್‌ಬಿಎಯಲ್ಲಿ ಇವತ್ತಿಗೂ ಇಲ್ಲ.

ಹೊಸಬ_ಹಾಸನ:
ಸರಿ, ಇದು ಅರ್ಥವಾಯಿತು. ಆದರೂ ಅದೇ ಇಬ್ಬರು ಏಳು ಸಲ ಆಡಿದರೆ ಐದನೇ ಆಟಕ್ಕೆ ಬೋರ್ ಆಗಲ್ವಾ?

ಪಿಕ್ ಅಂಡ್ ರೋಲ್ ಪುಟ್ಟಣ್ಣ:
ಅಲ್ಲೇ ಇರುವುದು ಮಜಾ ತಮ್ಮಾ. ಲೀಗ್‌ನಲ್ಲಿ ಇವತ್ತು ಒಬ್ಬ ಎದುರಾಳಿ, ನಾಳಿದ್ದು ಇನ್ನೊಬ್ಬ, ಯಾರಿಗೂ ಯಾರನ್ನೂ ಓದಿಕೊಳ್ಳಲು ಪುರುಸೊತ್ತಿಲ್ಲ. ಪ್ಲೇಆಫ್‌ನಲ್ಲಿ ಎರಡು ವಾರ ಅದೇ ಮುಖ. ಮೊದಲ ಆಟದಲ್ಲಿ ನನ್ನ ಒಬ್ಬ ನಿಧಾನದ ಆಟಗಾರನನ್ನು ನೀನು ಪತ್ತೆ ಮಾಡಿದರೆ ಎರಡನೇ ಆಟದಲ್ಲಿ ಪ್ರತಿ ಸಲವೂ ಅವನ ಮೇಲೇ ದಾಳಿ ಮಾಡುತ್ತೀಯ. ನಾನು ಅವನನ್ನು ಬೆಂಚಿಗೆ ಕೂರಿಸಬೇಕು, ಕೂರಿಸಿದರೆ ಅವನ ಶೂಟಿಂಗ್ ಕಳೆದುಕೊಳ್ಳುತ್ತೇನೆ. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ, ಒಂದು ಕಡೆ ಇಳಿಸಿದರೆ ಇನ್ನೊಂದು ಕಡೆ ಏರುತ್ತದೆ.

2015ರ ಫೈನಲ್ಸ್ ನೋಡಿ. ವಾರಿಯರ್ಸ್ 2-1 ಹಿಂದೆ. ನಿಕ್ ಯು’ರೆನ್ ಅಂತ ಕೋಚ್ ಸ್ಟೀವ್ ಕರ್ ಅವರ ಸಹಾಯಕ, ರಾತ್ರಿ ಹಳೆಯ ವಿಡಿಯೊ ನೋಡಿ, ದೈತ್ಯ ಬೋಗಟ್‌ನನ್ನು ತೆಗೆದು ಇಗ್ವಡಾಲನನ್ನು ಆರಂಭದಲ್ಲೇ ಇಳಿಸೋಣ ಎಂದ. ಕರ್ ಪತ್ರಕರ್ತರ ಮುಂದೆ ಬದಲಾವಣೆ ಏನೂ ಇಲ್ಲ ಎಂದು ಸುಳ್ಳು ಹೇಳಿ, ನಾಲ್ಕನೇ ಆಟಕ್ಕೆ ಅದನ್ನೇ ಮಾಡಿದರು. ಮೂರೂ ಆಟ ಗೆದ್ದರು. ಇಡೀ ಲೀಗ್ ಸೀಸನ್‌ನಲ್ಲಿ ಒಂದು ಆಟವನ್ನೂ ಆರಂಭಿಸದ ಇಗ್ವಡಾಲನೇ ಫೈನಲ್ಸ್‌ನ ಶ್ರೇಷ್ಠ ಆಟಗಾರ.

2011ರಲ್ಲಿ ಡಾಲಸ್ ಕೂಡ ಮಯಾಮಿ ವಿರುದ್ಧ 2-1 ಹಿಂದಿತ್ತು, ಆಗ ಪುಟ್ಟ ಗಾರ್ಡ್ ಜೆ. ಜೆ. ಬರೆಯಾನನ್ನು ನಾಲ್ಕನೇ ಆಟದಿಂದ ಆರಂಭದಲ್ಲೇ ಇಳಿಸಿದರು. ಅವರೂ ಮೂರಕ್ಕೆ ಮೂರು ಗೆದ್ದರು. ಕೋಚ್ ಯಾರು ಗೊತ್ತಾ? ರಿಕ್ ಕಾರ್ಲೈಲ್. ಈಗ ಪೇಸರ್ಸ್ ಕೋಚ್ ಅವರೇ.

ಈ ವರ್ಷದ ಫೈನಲ್ಸ್‌ನಲ್ಲೂ ಇದೇ ಆಟ ನಡೆಯಿತು. ಥಂಡರ್ ಕೋಚ್ ಡೇಗ್ನಾಲ್ಟ್ ಮೊದಲ ಆಟಕ್ಕೆ ಎತ್ತರದ ಹಾರ್ಟನ್‌ಸ್ಟೈನ್‌ನನ್ನು ಆರಂಭದ ಐವರಿಂದ ತೆಗೆದು ಕೇಸನ್ ವಾಲೇಸ್‌ನನ್ನು ಹಾಕಿದರು, ವೇಗ ಬೇಕು ಅಂತ. ನಾಲ್ಕನೇ ಆಟಕ್ಕೆ ಮತ್ತೆ ಹಾರ್ಟನ್‌ಸ್ಟೈನ್. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಮೂರನೇ ಆಟದಲ್ಲಿ ಪೇಸರ್ಸ್ ಇಡೀ ಕೋರ್ಟಿನ ಉದ್ದಕ್ಕೂ ಥಂಡರ್ ಸ್ಟಾರ್ ಶೇಯ್ ಗಿಲ್ಜಸ್-ಅಲೆಕ್ಸಾಂಡರ್ ಬೆನ್ನು ಬಿಡದೆ ಅಂಟಿಕೊಂಡರು, ಕೊನೆಯ ಕ್ವಾರ್ಟರ್ ಹೊತ್ತಿಗೆ ಅವನು ಸುಸ್ತು. ನಾಲ್ಕನೇ ಆಟದಲ್ಲಿ ಚೆಂಡು ತರುವ ಕೆಲಸವನ್ನು ಹೆಚ್ಚಾಗಿ ಜೇಲನ್ ವಿಲಿಯಮ್ಸ್‌ಗೆ ಕೊಟ್ಟು ಶೇಯ್ ಕೊನೆಗೆ ಉಸಿರು ಉಳಿಸಿಕೊಂಡ. 35 ಪಾಯಿಂಟ್, ಅಸಿಸ್ಟ್ (ಜೊತೆಗಾರನ ಬ್ಯಾಸ್ಕೆಟ್‌ಗೆ ಕೊಟ್ಟ ಪಾಸ್) ಸೊನ್ನೆ. ಸೊನ್ನೆ ನೋಡಿ ಕೆಲವರು ಸ್ವಾರ್ಥಿ ಎಂದು ಬರೆದರು. ಅದು ಸ್ವಾರ್ಥ ಅಲ್ಲ, ಯೋಜನೆ.

ಓಕ್ಲಂಡ್ ಅಲ್ಲ ಓಕಳಿಪುರಂ:
ಪುಟ್ಟಣ್ಣನವರೇ ಡೆನ್ವರ್ ಏಳನೇ ಆಟ ಬಿಟ್ಟಿರಲ್ಲ. ಡೆನ್ವರ್‌ನ ಯೋಕಿಚ್ ಅನ್ನುವ ಬೆಟ್ಟದ ಮುಂದೆ ಅವನಿಗಿಂತ ಎಷ್ಟೋ ಕುಳ್ಳನಾದ ಅಲೆಕ್ಸ್ ಕರೂಸೋನನ್ನು ನಿಲ್ಲಿಸಿದ್ದು! ಚೆಂಡು ಅವನ ಕೈಗೆ ಬರುವುದನ್ನೇ ಕಷ್ಟ ಮಾಡಿದ. 125-93. ಅಂಥ ಐಡಿಯಾ ಒಂದೇ ಆಟದ ಟೂರ್ನಿಯಲ್ಲಿ ಯಾರಿಗೂ ಹೊಳೆಯಲ್ಲ, ಹೊಳೆದರೂ ಧೈರ್ಯ ಬರಲ್ಲ.

ಬೆಲ್‌ವ್ಯೂ ಕನ್ನಡತಿ:
ನೀವೆಲ್ಲ ಥಂಡರ್ ಹೊಗಳುವಾಗ ನಮ್ಮ ಸಿಯಾಟಲ್ ಕಡೆಯ ಸಂಕಟವನ್ನೂ ಕೇಳಿ. ಈ ತಂಡ 2008ರ ತನಕ ಇಲ್ಲೇ ಇತ್ತು, ಸೂಪರ್‌ಸಾನಿಕ್ಸ್ ಅಂತ. 1979ರಲ್ಲಿ ಕಪ್ ಗೆದ್ದಿದ್ದರು. ಹೊಸ ಮಾಲೀಕರು ಬಂದರು, ಹೊಸ ಅರೀನಾಗೆ ಸರ್ಕಾರದ ದುಡ್ಡು ಸಿಗಲಿಲ್ಲ, ತಂಡವನ್ನು ಒಕ್ಲಹೋಮಾಗೆ ಎತ್ತಿಕೊಂಡು ಹೋದರು. ಹೆಸರು, ಬಣ್ಣ ಮಾತ್ರ ಇಲ್ಲಿ ಬಿಟ್ಟರು. ಡ್ಯುರಂಟ್ ತನ್ನ ಮೊದಲ ವರ್ಷ ಆಡಿದ್ದು ಇಲ್ಲಿ ಅಂತ ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಇಲ್ಲಿನ ಹಳಬರಿಗೆ ಇವತ್ತು ಇಂಡಿಯಾನಾ ಗೆಲ್ಲಬೇಕಿತ್ತು, ಅದು ಪೇಸರ್ಸ್ ಮೇಲಿನ ಪ್ರೀತಿಯಿಂದಲ್ಲ. ನಾನು ಮಾತ್ರ ಶೇಯ್ ಆಟಕ್ಕೆ ಸೋತವಳು, ಆಫೀಸಿನಲ್ಲಿ ಬಾಯಿ ಬಿಡುವಂತಿಲ್ಲ.

ಮಾಟುಂಗಾ ಮೂರ್ತಿ:
ಮೇಡಂ, ನಿಮಗೆ ಆ ನೋವಾದರೆ ನಮಗೆ ಬೇರೆ ಖುಷಿ. 2019ರ ಅಕ್ಟೋಬರ್‌ನಲ್ಲಿ ಎನ್‌ಬಿಎ ಮೊದಲ ಬಾರಿಗೆ ಭಾರತಕ್ಕೆ ಬಂತಲ್ಲ, ಮುಂಬೈ ವರ್ಲಿಯ ಡೋಮ್‌ನಲ್ಲಿ, ಆಡಿದ್ದು ಇದೇ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್. ಮೊದಲ ಆಟ ಓವರ್‌ಟೈಮ್‌ಗೆ ಹೋಗಿ 132-131. ಆಗ ಕಂಡ ಮೈಲ್ಸ್ ಟರ್ನರ್ ಈಗ ಫೈನಲ್ಸ್ ಏಳನೇ ಆಟ ಆಡುವುದನ್ನು ನೋಡಿದರೆ ನಮ್ಮೂರ ಹುಡುಗ ಅನ್ನಿಸಿಬಿಡುತ್ತದೆ, ಸುಮ್ನೆ.

ಇನ್ನೊಂದು ಮಜಾ ಏನು ಗೊತ್ತಾ? ಕಿಂಗ್ಸ್ ಮಾಲೀಕ ವಿವೇಕ್ ರಣದಿವೆ ಮುಂಬೈಯಲ್ಲಿ ಹುಟ್ಟಿದವರು. ಹ್ಯಾಲಿಬರ್ಟನ್‌ನನ್ನು 2020ರಲ್ಲಿ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರ ಆಯ್ಕೆಯಲ್ಲಿ) ಆರಿಸಿಕೊಂಡದ್ದೂ ಕಿಂಗ್ಸ್, 2022ರಲ್ಲಿ ಸಬೋನಿಸ್ ಬೇಕು ಅಂತ ಪೇಸರ್ಸ್‌ಗೆ ಬಿಟ್ಟುಕೊಟ್ಟದ್ದೂ ಅವರೇ.

ಪಿಕ್ ಅಂಡ್ ರೋಲ್ ಪುಟ್ಟಣ್ಣ:
ಆ ಎಳೆಯನ್ನು ಇನ್ನೂ ಹಿಂದಕ್ಕೆ ಎಳೆಯಿರಿ ಮೂರ್ತಿಗಳೇ. ಸಬೋನಿಸ್ ಪೇಸರ್ಸ್‌ಗೆ ಬಂದದ್ದು ಹೇಗೆ? 2017ರಲ್ಲಿ ಪಾಲ್ ಜಾರ್ಜ್‌ನನ್ನು ಒಕ್ಲಹೋಮಾಗೆ ಕೊಟ್ಟು ಒಲಾಡಿಪೊ ಜೊತೆ ತಂದದ್ದು. ಒಕ್ಲಹೋಮಾ 2019ರಲ್ಲಿ ಅದೇ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಏನು ತಂದಿತು? ಶೇಯ್, ಮೇಲೆ ಒಂದು ರಾಶಿ ಡ್ರಾಫ್ಟ್ ಪಿಕ್. ಅದರಲ್ಲಿ ಒಂದು ಪಿಕ್ಕಿನಿಂದ ಸಿಕ್ಕವನು ಜೇಲನ್ ವಿಲಿಯಮ್ಸ್, ಐದನೇ ಆಟದಲ್ಲಿ 40 ಹೊಡೆದವನು. ಫೈನಲ್ಸ್ ಆಡಿದ ಎರಡೂ ತಂಡ ಒಬ್ಬನೇ ಮನುಷ್ಯನನ್ನು ಮಾರಿ ಕಟ್ಟಿಕೊಂಡ ತಂಡ. ಪಾಪ, ಅವನಿಗೆ ಮಾತ್ರ ಇವತ್ತಿಗೂ ಫೈನಲ್ಸ್ ಸಿಕ್ಕಿಲ್ಲ.

ಬಸವನಗುಡಿ ಬೌನ್ಸ್:
ಎಲ್ಲ ಸರಿ ಸ್ವಾಮಿ, ನನ್ನ ಪ್ರಶ್ನೆಯನ್ನು ಎಲ್ಲಿಗೋ ತಗೊಂಡು ಹೋದಿರಿ. ನಾನು ಥಂಡರ್ ಕೆಟ್ಟ ತಂಡ ಅಂದಿಲ್ಲ. ಲೀಗ್‌ನಲ್ಲಿ ಸರಾಸರಿ 12.9 ಪಾಯಿಂಟ್ ಅಂತರದಲ್ಲಿ ಗೆದ್ದ ತಂಡ, ಇತಿಹಾಸದಲ್ಲೇ ಅಷ್ಟು ಯಾರದೂ ಇಲ್ಲ. ನನ್ನ ತಕರಾರು ಬೇರೆ. ಹ್ಯಾಲಿಬರ್ಟನ್‌ಗೆ ಐದನೇ ಆಟದಲ್ಲೇ ಮೀನಖಂಡ ಎಳೆದಿತ್ತು. ಆ ಆಟದಲ್ಲಿ ಆರಕ್ಕೆ ಒಂದು ಶಾಟ್ ಕೂಡ ಬೀಳಲಿಲ್ಲ. ಆದರೂ ಆರನೆಯದು ಆಡಿದ, ಏಳನೆಯದೂ ಆಡಿದ. 2019ರಲ್ಲಿ ಡ್ಯುರಂಟ್‌ಗೂ ಹೀಗೇ, ಮೊದಲು ಮೀನಖಂಡ, ತಿಂಗಳ ನಂತರ ಫೈನಲ್ಸ್ ಐದನೇ ಆಟಕ್ಕೆ ವಾಪಸ್, 12 ನಿಮಿಷದಲ್ಲಿ 11 ಪಾಯಿಂಟ್, ಅಕಿಲಿಸ್ ಹೋಯಿತು. ಒಂದು ಮಾದರಿ ಕಣ್ಣೆದುರೇ ಇರುವಾಗ ಅವನನ್ನು ಇಳಿಸಿದ್ದು ಸರಿಯಾ?

ದಾವಣಗೆರೆ ಡಂಕ್:
ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬಾಯಿ ಹಾಕುತ್ತೇನೆ. ಸ್ಪೋರ್ಟ್ಸ್ ಫಿಸಿಯೊ ಕೆಲಸ ನನ್ನದು, ಕಾಲೇಜು ಹುಡುಗರನ್ನು ನೋಡಿಕೊಳ್ಳುತ್ತೇನೆ. ಮೀನಖಂಡದ ಸ್ನಾಯುಗಳೇ ಕೆಳಗೆ ಸೇರಿ ಅಕಿಲಿಸ್ ಆಗುವುದು, ಎರಡೂ ಒಂದೇ ಹಗ್ಗದ ಭಾಗ. ಹಾಗಂತ ಮೀನಖಂಡ ಎಳೆದವರಿಗೆಲ್ಲ ಅಕಿಲಿಸ್ ಹರಿಯುವುದಿಲ್ಲ. ದೂರದಲ್ಲಿ ಕೂತು ಇದರಿಂದಲೇ ಅದು ಆಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಒಂದು ಮಾತು ಹೇಳಬಲ್ಲೆ, ಫೈನಲ್ಸ್ ಇದ್ದಾಗ ಯಾವ ಆಟಗಾರನೂ ನೋವು ಎಷ್ಟಿದೆ ಅಂತ ಸತ್ಯ ಹೇಳುವುದಿಲ್ಲ. ನಮ್ಮ ಅಂತರ-ಕಾಲೇಜು ಟೂರ್ನಿಗೇ ಹುಡುಗರು ಊದಿದ ಪಾದಕ್ಕೆ ಟೇಪ್ ಸುತ್ತಿ ಏನೂ ಆಗಿಲ್ಲ ಸಾರ್ ಅಂತಾರೆ. ಪೇಸರ್ಸ್ ತಂಡಕ್ಕೆ ಎನ್‌ಬಿಎ ಕಪ್ ಅಂತ ಇಲ್ಲಿಯ ತನಕ ಒಂದೂ ಇಲ್ಲ. ಅವನು ಕೂರುತ್ತಾನಾ?

ಬೆಲ್‌ವ್ಯೂ ಕನ್ನಡತಿ:
ಕೂರಿಸಬೇಕಾದವರು ಡಾಕ್ಟರು, ಅವನಲ್ಲ.

ದಾವಣಗೆರೆ ಡಂಕ್:
ಡಾಕ್ಟರು ಅಪಾಯ ಎಷ್ಟು ಅಂತ ಹೇಳಬಹುದು ಮೇಡಂ. ಅಪಾಯ ಜಾಸ್ತಿ ಅಂದರೂ ಖಚಿತ ಅಲ್ಲವಲ್ಲ. 25 ವರ್ಷದ ಹುಡುಗನಿಗೆ ಫೈನಲ್ಸ್ ಏಳನೇ ಆಟ ಮತ್ತೆ ಸಿಗದೇ ಹೋಗಬಹುದು, ಅದೂ ಅಷ್ಟೇ ನಿಜ. ನಾನಾದರೆ ಲೀಗ್ ವೇಳಾಪಟ್ಟಿಯ ಕಡೆ ಬೆರಳು ತೋರಿಸುತ್ತೇನೆ. 82 ಆಟವನ್ನು 70 ಮಾಡಲಿ, ಪ್ಲೇಆಫ್‌ಗೆ ಬರುವ ಹೊತ್ತಿಗೆ ಕಾಲಲ್ಲಿ ಸ್ವಲ್ಪ ಜೀವ ಇರುತ್ತದೆ. ಏಳು ಆಟದ ಸರಣಿ ಮುಟ್ಟಬೇಡಿ, ಅದಕ್ಕಿಂತ ಮುಂಚಿನದನ್ನು ಕತ್ತರಿಸಿ.

ಓಕ್ಲಂಡ್ ಅಲ್ಲ ಓಕಳಿಪುರಂ:
ಆಗುವ ಮಾತಾ? ಮುಂದಿನ ಸೀಸನ್‌ನಿಂದ (2025-26) 11 ವರ್ಷಕ್ಕೆ 76 ಬಿಲಿಯನ್ ಡಾಲರ್ ಟಿವಿ ಒಪ್ಪಂದ ಶುರು. ಡಿಸ್ನಿ, ಎನ್‌ಬಿಸಿ, ಅಮೆಜಾನ್ ಅಷ್ಟು ದುಡ್ಡು ಸುರಿದಿರುವುದು ಆಟ ಕಮ್ಮಿ ಮಾಡಿ ಅಂತಲ್ಲ. ಆಟಗಾರರ ಸಂಬಳವೂ ಅದೇ ದುಡ್ಡಿಂದ ಬರುತ್ತದೆ, ಅವರ ಯೂನಿಯನ್ ಕೂಡ ಕಮ್ಮಿ ಸಂಬಳಕ್ಕೆ ಸಹಿ ಹಾಕಲ್ಲ. 82 ಎಲ್ಲಿಗೂ ಹೋಗಲ್ಲ ಗುರು.

ಬದಲಿಗೆ ಥಂಡರ್ ಏನು ಮಾಡಿದರೋ ಅದನ್ನು ಎಲ್ಲರೂ ಮಾಡುತ್ತಾರೆ. ಹತ್ತು ಜನ ಆಡಬಲ್ಲವರನ್ನು ಇಟ್ಟುಕೊಳ್ಳುವುದು. ಮೊದಲೆಲ್ಲ ಪ್ಲೇಆಫ್ ಅಂದರೆ ಎಂಟೇ ಜನ, ಸ್ಟಾರ್‌ಗಳು 44 ನಿಮಿಷ ಅನ್ನುತ್ತಿದ್ದರು. ಈ ಫೈನಲ್ಸ್‌ನಲ್ಲಿ ಎರಡೂ ತಂಡ ಬೆಂಚಿನವರನ್ನು ನಂಬಿ ಬಂದವು. ಪೇಸರ್ಸ್‌ಗೆ ಮೂರನೇ ಆಟ ಗೆಲ್ಲಿಸಿಕೊಟ್ಟದ್ದು ಬೆಂಚಿಂದ ಬಂದ ಮ್ಯಾಥುರಿನ್‌ನ 27 ಪಾಯಿಂಟ್, ಜೊತೆಗೆ ಮ್ಯಾಕ್‌ಕಾನೆಲ್ ಕಾಟ.

ಬಸವನಗುಡಿ ಬೌನ್ಸ್:
ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೂ ಪೇಸರ್ಸ್‌ನ ಆ ಕೊನೆಗಳಿಗೆಯ ಹುಚ್ಚು ಬೆಂಚಿಂದ ಬರಲ್ಲ. ಮಿಲ್ವಾಕಿ ಐದನೇ ಆಟ, 1.3 ಸೆಕೆಂಡ್ ಇದ್ದಾಗ ಹ್ಯಾಲಿಬರ್ಟನ್ ಲೇಅಪ್ (ಬುಟ್ಟಿಯ ಹತ್ತಿರದಿಂದ ಹಾಕುವ ಶಾಟ್). ಕ್ಲೀವ್‌ಲ್ಯಾಂಡ್ ಎರಡನೇ ಆಟ, 1.1 ಸೆಕೆಂಡ್, ಥ್ರೀ. ನ್ಯೂಯಾರ್ಕ್ ಮೊದಲ ಆಟ, ಮೂರು ನಿಮಿಷ ಕೂಡ ಇಲ್ಲ, 14 ಪಾಯಿಂಟ್ ಹಿಂದೆ, ನೆಸ್ಮಿತ್ ಒಂದರ ಮೇಲೊಂದು ಥ್ರೀ ಹಾಕಿದ, ಕೊನೆಗೆ ಹ್ಯಾಲಿಬರ್ಟನ್ ಎಸೆದ ಚೆಂಡು ರಿಮ್ಮಿಗೆ ಬಡಿದು ಬೋರ್ಡಿಗಿಂತ ಮೇಲೆ ಹಾರಿ ಒಳಗೆ ಬಿತ್ತು, ಕಾಲು ಗೆರೆ ಮೇಲಿದ್ದರಿಂದ ಎರಡೇ ಪಾಯಿಂಟ್, ಓವರ್‌ಟೈಮ್‌ನಲ್ಲಿ ಗೆದ್ದರು. ಫೈನಲ್ಸ್ ಮೊದಲ ಆಟ, 0.3 ಸೆಕೆಂಡ್. ಇಡೀ ಆಟದಲ್ಲಿ ಪೇಸರ್ಸ್ ಮುಂದಿದ್ದದ್ದು ಆ 0.3 ಸೆಕೆಂಡ್ ಮಾತ್ರ! ಏಪ್ರಿಲ್‌ನಲ್ಲಿ ಒಂದು ಪತ್ರಿಕೆ ಆಟಗಾರರ ನಡುವೆ ಗುಟ್ಟಾಗಿ ಮತ ಹಾಕಿಸಿದಾಗ ಯೋಗ್ಯತೆಗಿಂತ ಜಾಸ್ತಿ ಹೆಸರು ಮಾಡಿದವನು ಎಂದು ಜನ ಆರಿಸಿದ್ದು ಇವನನ್ನೇ. ಅಂಥವನು ಏಳನೇ ಆಟದ ಕೊನೆಯ ಎರಡು ನಿಮಿಷದಲ್ಲಿ ಕೋರ್ಟಿನ ಮೇಲೆ ಇರಬೇಕಿತ್ತು. ಸೋತಿದ್ದರೂ ಪರವಾಗಿರಲಿಲ್ಲ.

ಮಾಟುಂಗಾ ಮೂರ್ತಿ:
ಈಗ ಹೇಳಿದಿರಿ ನೋಡಿ ಸರಿಯಾದ ಮಾತು. ಥಂಡರ್ ಗೆಲುವಿಗೆ ಚಿಹ್ನೆ ಬೇಡ, ನಮಗೆ ಸಿಗಬೇಕಾದ ಆಟ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳೋಣ. ಎರಡೂ ಬೇರೆ ಬೇರೆ. 2016ರ ನಂತರ ಫೈನಲ್ಸ್‌ನಲ್ಲಿ ಏಳನೇ ಆಟ ಬಂದದ್ದೇ ಇದು. ಆವತ್ತು 89-89ಕ್ಕೆ ನಿಂತು ನಾಲ್ಕು ನಿಮಿಷ ವಾರಿಯರ್ಸ್ ಒಂದು ಪಾಯಿಂಟೂ ಮಾಡಲಿಲ್ಲ, ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಹಿಂದಿನಿಂದ ಓಡಿ ಬಂದು ಇಗ್ವಡಾಲನ ಲೇಅಪ್ ಬೋರ್ಡಿಗೆ ಬಡಿದ, ಕೈರಿ ವಾರಿಯರ್ಸ್‌ನ ಸ್ಟೆಫ್ ಕರಿ ಎದುರೇ ಥ್ರೀ ಹಾಕಿದ. ಆ ನಾಲ್ಕು ನಿಮಿಷ ಇನ್ನೂ ಜನ ಮಾತಾಡುತ್ತಾರೆ.

ಓಕ್ಲಂಡ್ ಅಲ್ಲ ಓಕಳಿಪುರಂ:
ಆ ಗಾಯ ಈಗ ಕೆದಕಬೇಕಿತ್ತಾ ಮೂರ್ತಿ ಸರ್? ಲೀಗ್‌ನಲ್ಲಿ 73 ಗೆದ್ದು, ಫೈನಲ್ಸ್‌ನಲ್ಲಿ 3-1 ಮುಂದಿದ್ದು ಸೋತ ವರ್ಷ ಅದು. ಐದನೇ ಆಟಕ್ಕೆ ನಮ್ಮ ಡ್ರೇಮಂಡ್‌ನನ್ನು ಅಮಾನತು ಮಾಡಿದರು, ಬೋಗಟ್‌ಗೆ ಪೆಟ್ಟಾಯಿತು. ಅಲ್ಲಿಗೆ ಬೇಕಾದರೆ ಎರಡು ಚಿಹ್ನೆ ಹಾಕಿ.

ಪಿಕ್ ಅಂಡ್ ರೋಲ್ ಪುಟ್ಟಣ್ಣ:
ನೋಡಿ, ಪೆನ್ನು ಯಾರ ಕೈಯಲ್ಲಿತ್ತು ಅಂತ ಈಗ ಗೊತ್ತಾಯಿತು 😄

ಹೊಸಬ_ಹಾಸನ:
ಮುಂದಿನ ವರ್ಷ ಮೊದಲ ಸುತ್ತಿಂದಲೇ ನೋಡುತ್ತೇನೆ. ಯಾವ ತಂಡ ಹಿಡಿಯಲಿ ಹೇಳಿ. ಥಂಡರ್ ಬೇಡ, ಗೆದ್ದವರ ಹಿಂದೆ ಹೋದ ಅನ್ನುತ್ತಾರೆ.

ಬೆಲ್‌ವ್ಯೂ ಕನ್ನಡತಿ:
ಗೆದ್ದವರ ಹಿಂದೆ ಹೋದರೂ ಈಗಿನ ಕಾಲದಲ್ಲಿ ಪ್ರಯೋಜನ ಇಲ್ಲ ಬಿಡಿ, 2019ರಿಂದ ಏಳು ವರ್ಷಕ್ಕೆ ಏಳು ಬೇರೆ ಬೇರೆ ತಂಡ ಗೆದ್ದಿವೆ. ಟೊರಾಂಟೊ, ಲೇಕರ್ಸ್, ಮಿಲ್ವಾಕಿ, ವಾರಿಯರ್ಸ್, ಡೆನ್ವರ್, ಬಾಸ್ಟನ್, ಈಗ ಥಂಡರ್. ಪೂರ್ವದಲ್ಲಿ ಟೇಟಮ್, ಲಿಲ್ಲಾರ್ಡ್, ಹ್ಯಾಲಿಬರ್ಟನ್ ಮೂವರೂ ಹಾಸಿಗೆಯಲ್ಲಿದ್ದಾರೆ, ಬಾಗಿಲು ತೆರೆದಿದೆ. ನಿಕ್ಸ್ ಹಿಡಿಯಿರಿ. 1973ರಿಂದ ಕಪ್ ಇಲ್ಲ. 25 ವರ್ಷದ ನಂತರ ಕಾನ್ಫರೆನ್ಸ್ ಫೈನಲ್ ತನಕ ಕರೆದುಕೊಂಡು ಹೋದ ಕೋಚ್ ಥಿಬೊಡೋ ಅವರನ್ನು ಈ ತಿಂಗಳ ಆರಂಭದಲ್ಲೇ ತೆಗೆದುಹಾಕಿದ್ದಾರೆ. ಹೊಸ ಕೋಚ್ ಯಾರು ಅಂತ ಅವರಿಗೇ ಗೊತ್ತಿಲ್ಲ. ಹದಿನೆಂಟು ವರ್ಷ ಆರ್‌ಸಿಬಿ ಸಹಿಸಿಕೊಂಡವರಿಗೆ ಹೇಳಿ ಮಾಡಿಸಿದ ತಂಡ.

ದಾವಣಗೆರೆ ಡಂಕ್:
ಪಶ್ಚಿಮ ಬೇಕಾದರೆ ಹ್ಯೂಸ್ಟನ್. ಏಳನೇ ಆಟ ಶುರುವಾಗುವ ಕೆಲವು ಗಂಟೆ ಮುಂಚೆಯಷ್ಟೇ ಡ್ಯುರಂಟ್‌ನನ್ನು ಅಲ್ಲಿಗೆ ಟ್ರೇಡ್ ಮಾಡಿದ ಸುದ್ದಿ ಬಂತು. ಬೆಳಗ್ಗೆ ಏಳೂವರೆಯ ಆಟಗಳೂ ಸಿಗುತ್ತವೆ ಪಶ್ಚಿಮದವರದು, ಐದೂವರೆಗೆ ಏಳುವ ಕಷ್ಟ ಸ್ವಲ್ಪ ಕಮ್ಮಿ.

ಹೊಸಬ_ಹಾಸನ:
ಏಳೂವರೆ ಅಂದರೆ ಹ್ಯೂಸ್ಟನ್ನೇ ಸರಿ.